ಹಾಸಿಗೆ ಬೆಚ್ಚಗೆ ಮಾಡೋನು

ಜನವರಿ ೯

ಅರಮನೆಯಲ್ಲಿ ಕಸ ಗುಡಿಸೋ ಅಮ್ಮನವರಿಗೆ ನಮಸ್ಕಾರ.

ನಿಮ್ಮ ಹೆಸರು ಗೊತ್ತಿಲ್ಲ, ಅದಕ್ಕೆ ಹೀಗೆ ಬರೆದೆ. ಬೇಜಾರು ಮಾಡ್ಕೋಬೇಡಿ. ಇಲ್ಲಿ ಪೇಪರಲ್ಲಿ ಒಂದು ಫೋಟೋ ಬಂದಿತ್ತು. ಅರಮನೆ ಬಾಗಿಲು ತೆಗೆದಿದ್ದಾರೆ, ಟಿಕೆಟ್ ತಗೊಂಡು ಯಾರು ಬೇಕಾದ್ರೂ ನೋಡಬಹುದು ಅಂತ. ಫೋಟೋದಲ್ಲಿ ಒಂದು ದೊಡ್ಡ ಮಂಚ, ಅದರ ಸುತ್ತ ಮರದ ಕಟಕಟೆ, ಪಕ್ಕದಲ್ಲಿ ಪೊರಕೆ ಹಿಡಿದು ನಿಂತಿರೋ ನೀವು. ಕೆಳಗೆ 'ಹಳೇ ದಾದಿಯ ಮಗಳು ಈಗಲೂ ಇಲ್ಲೇ ಕೆಲಸಕ್ಕಿದ್ದಾಳೆ' ಅಂತ ಹಾಕಿದ್ರು.

ನಾನು ಯಾರು ಅಂದ್ರೆ ಆ ಮಂಚದ ಯಜಮಾನ. ನಗಬೇಡಿ, ನಿಜ. ಎರಡೂವರೆ ವರ್ಷದವನಿದ್ದಾಗ ಅಮ್ಮ ನನ್ನ ಕಂಬಳೀಲಿ ಸುತ್ತಿ ಎತ್ಕೊಂಡು ಗಡಿ ದಾಟಿದ್ರು. ಅಪ್ಪನ್ನ ಅಂಗಳದಲ್ಲೇ ಮುಗಿಸಿದ್ರಂತೆ. ನಲವತ್ತಾರು ವರ್ಷ ಆಯ್ತು. ಈಗ ಆಸ್ಪತ್ರೆಯೊಂದರ ಬಟ್ಟೆ ಒಗೆಯೋ ಕಟ್ಟಡದಲ್ಲಿ ನಾನು ಇಸ್ತ್ರಿಯವ. ದಿನಕ್ಕೆ ಮುನ್ನೂರು ಬೆಡ್‌ಶೀಟು. ಜೊತೆ ಕೆಲಸದವರು 'ಮಹಾರಾಜ' ಅಂತಲೇ ಕರೀತಾರೆ. ನಿಜ ಗೊತ್ತಿದ್ದು ಕರೆಯೋದಲ್ಲ, ಟೀ ಕುಡಿದ ಲೋಟ ನಾನು ತೊಳೆಯಲ್ಲ ಅಂತ. ಓದಿದ್ದು ಮೂರನೇ ಕ್ಲಾಸು. ಸ್ಕೂಲಲ್ಲಿ ಅಪ್ಪನ ಹೆಸರು ಕೇಳಿದಾಗ್ಲೆಲ್ಲ ಅಮ್ಮ ಊರು ಬದಲಾಯಿಸ್ತಿದ್ರು, ಅದಕ್ಕೆ ಮೂರು ಕ್ಲಾಸು ಮೂರು ಊರಲ್ಲಾಯ್ತು. ತಪ್ಪಿದ್ರೆ ತಿದ್ಕೊಳ್ಳಿ.

ಈಗ ವಿಷಯಕ್ಕೆ ಬರ್ತೀನಿ. ಅಮ್ಮ ಮಲಗಿಬಿಟ್ಟಿದ್ದಾರೆ. ಬೇಸಿಗೆ ನೋಡೋದು ಕಷ್ಟ ಅಂತ ಡಾಕ್ಟರು ನನ್ನ ಹೊರಗೆ ಕರೆದು ಹೇಳಿದ್ರು. ಒಳಗಿದ್ದೇ ಅಮ್ಮ ಕೇಳಿಸ್ಕೊಂಡ್ರು, ಕಿವಿ ಮಾತ್ರ ಇನ್ನೂ ರಾಣೀದೇ. ಅವತ್ತಿಂದ ಒಂದೇ ಮಾತು: 'ದಾದಿಯ ಹುಡುಗ ಏನಾದ? ಅಲ್ಲೇ ಬಿಟ್ಟು ಬಂದ್ವಲ್ಲ, ಉಳಿದ್ನಾ?' ಅರಮನೆ ಕೇಳಲ್ಲ, ಒಡವೆ ಕೇಳಲ್ಲ, ಅಪ್ಪನ್ನೂ ಕೇಳಲ್ಲ. ಆ ಹುಡುಗ ಅಂದ್ರೆ ನಿಮ್ಮ ತಮ್ಮ ತಾನೇ?

ಇದ್ದಾರೋ ಇಲ್ವೋ ಒಂದು ಸಾಲು ಬರೀರಿ. ಇಲ್ಲ ಅಂದ್ರೂ ಬರೀರಿ. ಅವರು ಹೋಗೋದ್ರೊಳಗೆ ಉತ್ತರ ಕೊಡಬೇಕು, ಅಷ್ಟೇ.

ಇಂತಿ,
ರಾಜ್ಯವಿಲ್ಲದ ದೊರೆ, ಇಸ್ತ್ರಿ ವಿಭಾಗ


ಫೆಬ್ರವರಿ ೨

ಸಣ್ಣ ದೊರೆಗಳಿಗೆ ಕೈಮುಗಿದು,

ತಮ್ಮ ಕಾಗದ ಬಂತು. ಮೂರು ದಿನ ಹಿಟ್ಟಿನ ಡಬ್ಬಿಯೊಳಗೆ ಇಟ್ಟಿದ್ದೆ.

ನನ್ನ ತಮ್ಮ ಇದ್ದಾನೆ, ಚೆನ್ನಾಗಿದ್ದಾನೆ. ಬಡಗಿ ಕೆಲಸ. ಅರಮನೆ ಕಿಟಕಿ ಬಾಗಿಲು ಎಲ್ಲಾ ಅವನೇ ನೋಡ್ಕೊಳ್ಳೋದು. ಫೋಟೋದಲ್ಲಿರೋ ಕಟಕಟೆ ಅವನ ಕೈಯದ್ದು. ಹೆಂಡತಿ ಇದ್ದಾಳೆ, ಇಬ್ಬರು ಹೆಣ್ಣುಮಕ್ಕಳು. ನಮ್ಮಮ್ಮ ತೀರ್ಕೊಂಡು ಹನ್ನೊಂದು ವರ್ಷ.

ರಾಣಿಯಮ್ಮನವರಿಗೆ ಇಷ್ಟು ಹೇಳಿ. ಇನ್ನು ಕಾಗದ ಬೇಡ. ಟಪಾಲಿನವನು ಎಲ್ಲರೆದುರು ಕೊಡ್ತಾನೆ.

ಇಂತಿ,
ದಾದಿಯ ಮಗಳು


ಫೆಬ್ರವರಿ ೨೦

ದಾದಿಯ ಮಗಳಿಗೆ,

ಬರೀಬೇಡಿ ಅಂದ್ರಿ, ಬರೆದೆ. ರಾಜಮನೆತನದವರು ಮಾತು ಕೇಳಿದ್ರೆ ಈ ಗತಿ ಯಾಕೆ ಬರ್ತಿತ್ತು ಹೇಳಿ.

ನಿಮ್ಮ ಕಾಗದ ಓದಿ ಹೇಳಿದೆ. ಅಮ್ಮ 'ಕಟಕಟೆ ಅವನೇ ಮಾಡಿದ್ನಾ?' ಅಂದ್ರು. ಫೋಟೋ ತರಿಸ್ಕೊಂಡು ಭೂತಗನ್ನಡಿ ಹಿಡಿದು ನೋಡಿದ್ರು. ಮಂಚ ಅಲ್ಲ, ಕಟಕಟೆ. ಹೆಬ್ಬೆಟ್ಟಿಂದ ಅದನ್ನ ಉಜ್ಜಿ ಉಜ್ಜಿ ಪೇಪರು ತೂತು ಬಿತ್ತು. ಈಗ ಮಂಚಕ್ಕೆ ಕಾವಲಿಲ್ಲ, ಯಾರು ಬೇಕಾದ್ರೂ ಮಲಗಬಹುದು.

ತೂತು ಬಿದ್ದ ಮೇಲೆ ಇನ್ನೊಂದು ಪ್ರಶ್ನೆ. 'ಅವನು ಮಲಗೋದೆಲ್ಲಿ?' ಅಂತ. ಮನೇಲಿ ಅಮ್ಮ, ಇನ್ನೆಲ್ಲಿ ಅಂದೆ. 'ಮಂಚದ ಮೇಲೋ ನೆಲದ ಮೇಲೋ, ಕೇಳು' ಅಂದ್ರು. ಮುಖ ಗೋಡೆ ಕಡೆ ತಿರುಗಿಸ್ಕೊಂಡ್ರು. ಇದೆಂಥ ಪ್ರಶ್ನೆ?

ನಾನೂ ಒಂದು ಕೇಳಬೇಕು. ನೀವಾಗ ಎಂಟೊಂಬತ್ತು ವರ್ಷದವರಂತೆ, ನೆನಪಿರುತ್ತೆ. ಇದನ್ನ ಯಾರ ಹತ್ರಾನೂ ಹೇಳಿಲ್ಲ. ಹೇಳಿದ್ರೆ ಜೋಕು ಅಂತಾರೆ. ನನ್ನ ಮಾತಿಗೆ ನಗೋದು ಜನಕ್ಕೆ ಅಭ್ಯಾಸ ಆಗ್ಬಿಟ್ಟಿದೆ.

ಬೆಳಗ್ಗೆ ಎಚ್ಚರ ಆಗೋ ಹೊತ್ತಿಗೆ ಮಂಚದ ಪಕ್ಕ ಒಂದು ಮಗು ನಿಂತಿರುತ್ತೆ. ದಿನಾ ಅಲ್ಲ, ವಾರಕ್ಕೆ ಎರಡು ಸಲ ಅಂದ್ಕೊಳ್ಳಿ. ಮುಖ ಕಾಣಲ್ಲ. ಕಾಲು ಮಾತ್ರ ಒದ್ದೆ, ನೀರು ತೊಟ್ಟಿಕ್ತಾ ಇರುತ್ತೆ. ಬೆದರಿಸಲ್ಲ, ಅಳಲ್ಲ, ನಾನು ಏಳಲಿ ಅಂತ ಕಾಯುತ್ತೆ. ಕಣ್ಣು ಬಿಟ್ರೆ ನೆಲ ಒಣಗೇ ಇರುತ್ತೆ, ಆದ್ರೂ ನಾನು ಆ ಜಾಗ ದಾಟ್ಕೊಂಡೇ ಇಳೀತೀನಿ. ಚಿಕ್ಕಂದಿನಿಂದ ಹೀಗೇ. ಅದಕ್ಕೇ ಮಂಚದ ಅಂಚಲ್ಲಿ ಮಲಗ್ತೀನಿ, ಅರ್ಧ ಖಾಲಿ. ಮದುವೆ ಆಗ್ಲಿಲ್ಲ. ಅರ್ಧ ಮಂಚ ಖಾಲಿ ಇಟ್ರೂ ಒಬ್ಬಳೂ ಬರಲಿಲ್ಲ ನೋಡಿ. ಅಮ್ಮ ಮಾತ್ರ ನನಗೆ ಯಾವತ್ತೂ ಎರಡು ದಿಂಬು ಹಾಕ್ತಿದ್ರು. ಎರಡು ಯಾಕೆ ಅಂದ್ರೆ 'ಇರಲಿ' ಅಷ್ಟೇ.

ಆ ಮಂಚದಲ್ಲಿ ಏನಿತ್ತು? ಹೇಳಿ.

ಇಂತಿ,
ಇಸ್ತ್ರಿಯವ


ಮಾರ್ಚ್ ೧೪

ಸಣ್ಣ ದೊರೆಗಳಿಗೆ,

ಉತ್ತರ ಬರೆಯಬಾರದು ಅಂತಲೇ ಇದ್ದೆ. ಒದ್ದೆ ಕಾಲು ಅಂತ ಓದಿದ ಮೇಲೆ ಆಗ್ಲಿಲ್ಲ.

ಅರಮನೇಲಿ ಒಂದು ಪದ್ಧತಿ ಇತ್ತು. ದೊರೆ ಮಗು ತಣ್ಣನೆ ಹಾಸಿಗೇಲಿ ಮಲಗಬಾರದು. ಅದಕ್ಕೆ ದಾದಿಯ ಮಗೂನ ಮೊದಲು ಮಲಗಿಸೋರು. ನಮ್ಮಮ್ಮ ಇಬ್ಬರಿಗೂ ಹಾಲು ಕೊಟ್ಟೋಳು, ಸಣ್ಣ ದೊರೆಗಿಂತ ನನ್ನ ತಮ್ಮ ಎರಡು ತಿಂಗಳು ಚಿಕ್ಕವನು. ದಿನಾ ದೀಪ ಹಚ್ಚೋ ಹೊತ್ತಿಗೆ ನನ್ನ ತಮ್ಮನಿಗೆ ಸಣ್ಣ ದೊರೆಯ ಮಲಗೋ ಅಂಗಿ ಹಾಕಿ, ಅದೇ ಟೋಪಿ ಹಾಕಿ, ಆ ದೊಡ್ಡ ಮಂಚದಲ್ಲಿ ಕಂಬಳಿ ಹೊದಿಸಿ ಮಲಗಿಸೋಳು. ದೃಷ್ಟಿ ಏನಾದ್ರೂ ತಾಗೋದಿದ್ರೆ ಇವನಿಗೇ ತಾಗಲಿ ಅಂತ ಆ ಅಂಗಿ. 'ಅಲ್ಲಾಡಬೇಡ, ಮಾತಾಡಬೇಡ, ದೊರೆ ಬರೋವರೆಗೂ ಏಳಬೇಡ' ಅಂತ ಹೇಳ್ತಿದ್ಲು. ಅವನು ಹಾಗೇ ಮಲಗಿರ್ತಿದ್ದ. ಎಂಥ ಮಾತು ಕೇಳೋ ಮಗು ಗೊತ್ತಾ. ಅಷ್ಟು ಹೊತ್ತಿಗೆ ಬಚ್ಚಲಲ್ಲಿ ಸಣ್ಣ ದೊರೆಗೆ ಬಿಸಿನೀರಲ್ಲಿ ಕಾಲು ತೊಳೆದು ಕರ್ಕೊಂಡು ಬರೋಳು. ಒದ್ದೆ ಕಾಲಲ್ಲೇ ಓಡಿಬಂದು ಮಂಚದ ಪಕ್ಕ ನಿಲ್ತಿತ್ತು ಆ ಮಗು. ಆಗ ನನ್ನ ತಮ್ಮ ಏಳ್ತಿದ್ದ. ಅಂಗಿ ಬಿಚ್ಚಿ ಕೊಡ್ತಿದ್ದ.

ಆ ಸಂಜೆ ದೀಪ ಹಚ್ಚಿರಲಿಲ್ಲ. ಕರೆಂಟು ತೆಗೆದಿದ್ರು, ಅಂಗಳದಲ್ಲಿ ಗುಂಡಿನ ಸದ್ದು. ನಮ್ಮಮ್ಮ ಬಚ್ಚಲಲ್ಲಿ ಸಣ್ಣ ದೊರೆಯ ಕಾಲು ತೊಳೀತಿದ್ಲು, ನಾನು ಅವಳ ಸೆರಗು ಹಿಡಿದಿದ್ದೆ, ಚೊಂಬು ಕೆಳಗೆ ಬಿದ್ದು ಉರುಳ್ತಾ ಇತ್ತು. ನಾವು ಬರೋ ಹೊತ್ತಿಗೆ ರಾಣಿಯಮ್ಮನವರು ಬಂದು ಹೋಗಿದ್ರು.

ಮಂಚ ಖಾಲಿ ಇತ್ತು.

ರಾಣಿಯಮ್ಮನವರು ಕೇಳಿದ್ರಲ್ಲ, ಬಡಗಿ ಕೆಲಸದ ನನ್ನ ತಮ್ಮ ನೆಲದ ಮೇಲೆ ಮಲಗ್ತಾನೆ. ಮಂಚ ಪಕ್ಕದಲ್ಲೇ ಇರುತ್ತೆ, ಅವನೇ ಮಾಡಿದ್ದು. 'ಅಲ್ಲಿ ಯಾರೋ ಮಲಗಿದ್ದಾರೆ ಕಣೇ, ಎದ್ದ ಮೇಲೆ ಮಲಗ್ತೀನಿ' ಅಂತ ಹೆಂಡತಿಗೆ ಹೇಳ್ತಾನೆ. ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು. ಅವಳು ಮೊದಮೊದಲು ನಗ್ತಿದ್ಲು, ಈಗ ನಗಲ್ಲ.

ಇನ್ನೇನೂ ಕೇಳಬೇಡಿ.

ದಾದಿಯ ಮಗಳು


ಮಾರ್ಚ್ ೨೭

ಅಕ್ಕ,

ಅಮ್ಮನವರು, ದಾದಿಯ ಮಗಳು ಎಲ್ಲಾ ಮುಗೀತು. ಅಕ್ಕ ಅಂತಲೇ ಬರೀತೀನಿ. ಓದೋವಾಗ ನಿನಗೂ ಹಾಗೇ ಕೇಳಿಸುತ್ತೆ ಅಂತ ಗೊತ್ತು.

ನಿನ್ನ ಕಾಗದ ಇಸ್ತ್ರಿ ಮೇಜಿನ ಹತ್ರ ನಿಂತೇ ಓದಿದೆ. ಹೊಗೆ ಬಂತು. ಇಪ್ಪತ್ತೇಳು ವರ್ಷದ ನೌಕರೀಲಿ ಮೊದಲ ಸಲ ಶೀಟು ಸುಟ್ಟೆ. ಮೇಸ್ತ್ರಿ ಬಂದು 'ಮಹಾರಾಜ, ಯಾವ ಲೋಕದಲ್ಲಿದ್ದೀಯ?' ಅಂದ. ಇವತ್ತಿಂದ ಹಾಗೆ ಕರೀಬೇಡ, ಅದು ನಾನಲ್ಲವಂತೆ ಅಂದೆ. ಅವನು ಬಿದ್ದೂ ಬಿದ್ದೂ ನಕ್ಕ.

ಮನೆಗೆ ಬಂದೆ. ನಮ್ಮದು ಚಪ್ಪಲಿ ಅಂಗಡಿ ಮೇಲಿನ ಎರಡು ರೂಮು, ಮೆಟ್ಟಿಲೆಲ್ಲಾ ಅಂಟಿನ ವಾಸನೆ. ಅವತ್ತು ಆ ಮೆಟ್ಟಿಲು ಹತ್ತೋಕೆ ಎಷ್ಟು ಹೊತ್ತಾಯ್ತೋ. ಅಮ್ಮನ ಪಕ್ಕ ಕೂತು, ಬಿಸಿನೀರಲ್ಲಿ ಬಟ್ಟೆ ಅದ್ದಿ ಅವರ ಕಾಲು ಒರೆಸ್ತಾ ಕೇಳಿದೆ. 'ಅಮ್ಮ, ನಾನು ಹಾಸಿಗೆ ಬೆಚ್ಚಗೆ ಮಾಡೋನಾ?'

ಸುಳ್ಳು ಹೇಳ್ತಾರೆ ಅಂದ್ಕೊಂಡಿದ್ದೆ. ಸುಳ್ಳು ಹೇಳಲಿ ಅಂತ ಇತ್ತು.

'ಗೊತ್ತಿತ್ತು ಕಂದ' ಅಂದ್ರು. 'ಸೇತುವೆ ಹತ್ತಿರ ಬರೋ ಹೊತ್ತಿಗೆ ಬೆಳಕು ಹರೀತು. ಟೋಪಿ ಸರಿಸಿ ನೋಡಿದೆ.'

ಕಿರುಚಿದ್ರಂತೆ. ವ್ಯಾನಿನ ಡ್ರೈವರು ನಿಲ್ಲಿಸಿ, ಏನಾಯ್ತು, ತಿರುಗಿಸ್ಲಾ ಅಂದನಂತೆ. ಜೊತೇಲಿ ಅಪ್ಪನ ಇಬ್ಬರು ಅಧಿಕಾರಿಗಳಿದ್ರು. ಇದು ನನ್ನ ಮಗು ಅಲ್ಲ ಅಂದ್ರೆ ಆ ಸೇತುವೆ ಮೇಲೇ ನನ್ನ ಇಳಿಸಿ ಹೋಗೋರು ಅವರು. ತಿರುಗಿಸಿದ್ರೆ ಇಬ್ಬರೂ ಹೋಗೋದು. ಬಿಟ್ಟು ಬಂದೋನು ದಾದಿಯ ಮಗ ಅಂತ ಅನ್ನಿಸ್ಕೊಂಡು ಉಳಿಯಬಹುದು, ಅದೊಂದೇ ಆಸೆ. ನಾನು ಕಣ್ಣು ಬಿಟ್ಕೊಂಡು ಅವರನ್ನೇ ನೋಡ್ತಿದ್ನಂತೆ. ಒಂದು ಮಾತಿಲ್ಲ, ಒಂದು ಅಳು ಇಲ್ಲ. ದೊರೆ ಬರೋವರೆಗೂ ಮಾತಾಡಬೇಡ ಅಂದಿದ್ರಲ್ಲ. ಆ ಋಣ ತೀರಿಸೋಕೆ ಕಾಣುತ್ತೆ, ಆಮೇಲೆ ಈ ಬಾಯಿ ಮುಚ್ಚೇ ಇಲ್ಲ.

'ಏನೂ ಇಲ್ಲ, ಮಗು ಇಲ್ಲೇ ಇದೆ, ನಡಿ ಅಂದೆ' ಅಂದ್ರು ಅಮ್ಮ. 'ಅದನ್ನೇ ಇವತ್ತಿಗೂ ಹೇಳ್ತಾ ಇದ್ದೀನಿ.'

ಅಕ್ಕ, ಒಂದೇ ಟಪಾಲಲ್ಲಿ ನನಗೆ ಅಕ್ಕ ಸಿಕ್ಕಿದ್ಲು, ಅಮ್ಮ ಹೋದ್ರು. ಅಮ್ಮ ಪಕ್ಕದ ರೂಮಲ್ಲೇ ಕೆಮ್ತಾ ಇದ್ದಾರೆ. ಹೆತ್ತೋಳು ಹನ್ನೊಂದು ವರ್ಷದ ಹಿಂದೆ ಸತ್ತಿದ್ದು ನಾನು ಹೋದ ತಿಂಗಳು ಓದಿ, ಅಯ್ಯೋ ಪಾಪ ಅಂದ್ಕೊಂಡು ಊಟ ಮಾಡಿದ್ದೆ.

ಈಗ ಅಮ್ಮನಿಗೆ ಒಂದೇ ಆಸೆ, ಹೆತ್ತ ಮಗನ್ನ ಒಂದು ಸಲ ನೋಡಬೇಕು. ಎದ್ದು ಬರೋ ಶಕ್ತಿ ಇಲ್ಲ. ರಾಜಮನೆತನದವರು ಕಂಡ್ರೆ ಹಿಡೀಬೇಕು ಅನ್ನೋ ಆ ಹಳೇ ಕಾನೂನು ತೆಗೆದು ಹಾಕಿದ್ದಾರೆ, ಈಗ ಹೆದರಿಕೆ ಏನಿದೆ? ಅವನಿಗೆ ಹೇಳು. ರೈಲು ಹತ್ತಿಸು. ಬೇಗ.

ನಿನ್ನ ತಮ್ಮ


ಏಪ್ರಿಲ್ ೧೧

ತಮ್ಮಾ,

ಹಾಗೆ ಬರೆದು ಹೊಡೆದು ಹಾಕಿದೆ. ಮತ್ತೆ ಬರೆದೆ. ಕಾಗದ ಗಲೀಜಾಗಿದೆ, ಇರಲಿ.

ನನ್ನ ಕೈಲಿ ಆಗಲ್ಲ. ಕಾನೂನು ಹೋಗಿರಬಹುದು, ಹೆದರಿಕೆ ಎಲ್ಲಿ ಹೋಗುತ್ತೆ? ಆ ಸಂಜೆ ಸಿಪಾಯಿಗಳು ಬಂದು 'ಇದು ಯಾರ ಮಗು?' ಅಂದಾಗ ಅಮ್ಮ 'ನನ್ನದು' ಅಂದ್ಲು. ಅವಳು ಅಂದ ಮೇಲೆ ನಾನೂ 'ನನ್ನ ತಮ್ಮ' ಅಂದೆ. ಒಂಬತ್ತು ವರ್ಷಕ್ಕೆ ಅಂದ ಮಾತು. ಇದುವರೆಗೂ ಒಂದು ದಿನಾನೂ ಬದಲಾಯಿಸಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದ್ದೀನಿ. ದಿನಾ ಕೆಲಸಕ್ಕೆ ಹೋಗೋವಾಗ 'ಅಕ್ಕ, ಹೋಗಿ ಬರ್ತೀನಿ' ಅಂತ ಬಾಗಿಲಲ್ಲಿ ನಿಂತು ಹೇಳಿಯೇ ಹೋಗ್ತಾನೆ. ನಿಜ ಗೊತ್ತಾದ ಮೇಲೆ ನಾನು ಅವನಿಗೆ ಏನಾಗ್ತೀನಿ? ಅವನ ಮನೆಯ ಕಸ ಗುಡಿಸೋಳು. ಅವನು ಒಳಗೆ ಬಂದ್ರೆ ನಾನು ಎದ್ದು ನಿಲ್ಲಬೇಕಾ?

ನಿನಗೆ ಒಂದು ಮಾತು ಹೇಳಬೇಕು. ಸಿಪಾಯಿಗಳು ಹೋದ ಮೇಲೆ ಅಮ್ಮ ಮಂಚದ ಹತ್ರ ಹೋಗಿ ಅಂಗೈ ಇಟ್ಟು ನೋಡಿದ್ಲು. 'ಇನ್ನೂ ಬೆಚ್ಚಗಿದೆ' ಅಂದ್ಲು. ಅರಮನೆಗೆ ಬೀಗ ಹಾಕೋವರೆಗೂ ದಿನಾ ಅದೇ ಹೊತ್ತಿಗೆ ಹೋಗಿ ಕೈ ಇಡ್ತಿದ್ಲು. ಬೀಗ ಬಿದ್ದ ಮೇಲೆ ಮನೇಲೇ ಗೋಡೆ ಮೇಲೋ, ಮಣೆ ಮೇಲೋ, ಕೈಗೆ ಸಿಕ್ಕಿದ್ದರ ಮೇಲೆ. ಸಾಯೋವಾಗ ನನ್ನ ಹಣೆ ಮೇಲಿಟ್ಲು. ಅದೇ ಮಾತು. ನಿನ್ನ ಹೆಸರು ಮಾತ್ರ ಎತ್ತಲಿಲ್ಲ. ಎತ್ತಿದ್ರೆ ಅವನಿಗೆ ಅಪಾಯ, ನಿನಗೂ.

ಈಗ ನಾನು ಆ ರೂಮಿನ ಧೂಳು ಹೊಡೀತೀನಿ. ಟಿಕೆಟಿನ ಜನ ಹೋದ ಮೇಲೆ ಒಂದು ಸಲ ಕೈ ಇಡ್ತೀನಿ. ಬೆಚ್ಚಗೇ ಇರುತ್ತೆ. ಕಿಟಕಿ ಬಿಸಿಲು ಅಲ್ಲಿಗೆ ಬೀಳಲ್ಲ.

ಅವನನ್ನ ಕಳಿಸೋಕಾಗಲ್ಲ. ಅವನು ಮಲಗೋ ಶೀಟು ಕಳಿಸಿದ್ದೀನಿ. ಹೆಂಡತಿ ಒಗೆಯೋಕೆ ಹಾಕಿದ್ಲು, ಬುಟ್ಟಿಯಿಂದ ಕದ್ದೆ. ರಾಣಿಯಮ್ಮನವರಿಗೆ ಕೊಡು. ಇಷ್ಟರಲ್ಲೇ ನನ್ನ ಕ್ಷಮಿಸಲಿ.

ಅಕ್ಕ


ಮೇ ೨

ಅಕ್ಕ,

ಪೊಟ್ಟಣ ಬಂದಿದ್ದು ಸೋಮವಾರ. ಬಿಚ್ಚಿದೆ. ಮರದ ಹುಡಿ, ಬೆವರು, ಅಂಟು, ಎಲ್ಲಾ ಸೇರಿದ ವಾಸನೆ. ಮುದ್ದೆಯಾಗಿತ್ತು. ಕೈ ತಾನಾಗೇ ಇಸ್ತ್ರಿಪೆಟ್ಟಿಗೆ ಕಡೆ ಹೋಯ್ತು, ನನ್ನ ಕೈ ಅಲ್ವಾ. ತಡೆದೆ. ಅವನು ಯಾವ ಕಡೆ ಹೊರಳಿದ್ನೋ, ಮೊಣಕಾಲು ಎಲ್ಲಿ ಮಡಚಿದ್ನೋ, ಎಲ್ಲಾ ಆ ಸುಕ್ಕಲ್ಲೇ ಇತ್ತು. ಜೀವಮಾನ ಪೂರ್ತಿ ಇಂಥದ್ದನ್ನೇ ಉಜ್ಜಿ ಅಳಿಸಿದ್ದೀನಿ.

ಹಾಗೇ ಅಮ್ಮನ ಕೆಳಗೆ ಹಾಸಿದೆ.

ಅವರು ಅಂಗೈಯಲ್ಲಿ ಒಂದೊಂದೇ ಸುಕ್ಕು ಹುಡುಕಿದ್ರು. 'ಎಡಕ್ಕೆ ಮಲಗ್ತಾನೆ' ಅಂದ್ರು. 'ಆಗಲೂ ಎಡಕ್ಕೇ.' ಆಮೇಲೆ ಅವರೂ ಎಡಕ್ಕೆ ತಿರುಗಿದ್ರು, ಅಷ್ಟು ದಿನ ತಿರುಗೋಕೆ ನಾನು ಬೇಕಿತ್ತು. ಎರಡು ದಿನ ಅದರ ಮೇಲೇ. ಶೀಟು ಬದಲಾಯಿಸೋಕೆ ನರ್ಸನ್ನ ಬಿಡಲಿಲ್ಲ. ಬುಧವಾರ ಮಧ್ಯಾಹ್ನ ನನ್ನ ಕೈ ಹಿಡಿದು, 'ನೀನೂ ಸ್ವಲ್ಪ ಆ ಕಡೆ ಮಲಗಿಕೋ, ಜಾಗ ಇದೆ' ಅಂದ್ರು. ನಾನು ಆ ಚಿಕ್ಕ ಮಂಚದಲ್ಲಿ ತೂರಿಕೊಂಡೆ. ಮೂರು ಜನ ಇದ್ದ ಹಾಗಿತ್ತು. ಕೆಳಗೆ ಅಂಗಡೀಲಿ ಚಪ್ಪಲಿಗೆ ಮೊಳೆ ಹೊಡೀತಾ ಇದ್ರು. ಟಕ್ ಟಕ್. ಅದನ್ನ ಎಣಿಸ್ತಾ ನಾನು ನಿದ್ದೆ ಹೋದೆ. ಎದ್ದಾಗ ಅವರಿರಲಿಲ್ಲ.

ಅಮ್ಮನಿಗೆ ಅವನ ಮುಖ ತೋರಿಸೋಕಾಗ್ಲಿಲ್ಲ. ನಿನ್ನ ಮೇಲೆ ಕೋಪ ಇಲ್ಲ. ಇದ್ದ ಒಬ್ಬ ಅಕ್ಕನ ಮೇಲೆ ಕೋಪ ಮಾಡ್ಕೊಂಡು ನಾನೆಲ್ಲಿಗೆ ಹೋಗಲಿ?

ಅವತ್ತಿಂದ ಆ ಮಗು ದಿನಾ ಬರ್ತಿದೆ. ವಾರಕ್ಕೆ ಎರಡಲ್ಲ, ದಿನಾ.

ನಿನ್ನ ತಮ್ಮ


ಮೇ ೧೯

ತಮ್ಮಾ,

ರಾಣಿಯಮ್ಮನವರ ಸುದ್ದಿ ಓದಿ ಆ ರೂಮಿನ ಬಾಗಿಲು ಹಾಕ್ಕೊಂಡು ಕೂತೆ. ಟಿಕೆಟ್ ತಗೊಂಡ ಜನ ಹೊರಗೆ ಬಡೀತಾ ಇದ್ರು.

ಬಾಗಿಲು ತೆಗೆಸಿ ಅಂತ ಬಡಗಿಯನ್ನೇ ಕರೆದ್ರು. ಅವನು ಬಂದ. ಅಷ್ಟರಲ್ಲಿ ಶೀಟು ಕಳೆದಿದ್ದಕ್ಕೆ ಮನೇಲಿ ಒಂದು ರಂಪ ಆಗಿತ್ತು. ಕದ್ದಿದ್ದು ನಾನು ಅಂತ ಅವನಿಗೆ ಗುಮಾನಿ. 'ಅಕ್ಕ, ಹಳೇ ಶೀಟು ನಿನಗ್ಯಾಕೆ ಬೇಕಿತ್ತು? ಹೊಸದು ಕೇಳಿದ್ರೆ ತಂದ್ಕೊಡ್ತಿರಲಿಲ್ವಾ?' ಅಂದ. ಇನ್ನು ಆಗ್ಲಿಲ್ಲ. ಕಟಕಟೆ ಹಿಡ್ಕೊಂಡು ಎಲ್ಲಾ ಹೇಳಿಬಿಟ್ಟೆ. ನಿನ್ನ ಕಾಗದಗಳನ್ನೂ ಕೊಟ್ಟೆ.

ಎರಡು ದಿನ ಯಾವುದೋ ಹಲಗೆ ಉಜ್ಜಿದ, ಅದು ಕಾಗದದಷ್ಟು ತೆಳ್ಳಗಾಯ್ತು. ನಾನು ಅಂದ್ಕೊಂಡೆ, ಮುಗೀತು. ಮೂರನೇ ದಿನ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ನಿಂತ. ನಾನು ಎದ್ದು ನಿಂತೆ. 'ಯಾಕೆ ನಿಂತೆ? ಕೂತ್ಕೋ ಅಕ್ಕ' ಅಂತ ಬೈದ. ಚಪ್ಪಲಿ ಮೆಟ್ಟಿ, ತಲೆ ಬಗ್ಗಿಸ್ಕೊಂಡೇ ಒಂದು ಕೇಳಿದ.

'ವ್ಯಾನಲ್ಲಿ ಅವನಿಗೆ ಚಳಿ ಆಯ್ತಂತಾ?'

ಇದಕ್ಕೆ ಉತ್ತರ ನೀನೇ ಬರಿ.

ಅಕ್ಕ


ಜೂನ್ ೧

ಬಡಗಿಗೆ,

ನೀನು ನನಗಿಂತ ಎರಡು ತಿಂಗಳು ದೊಡ್ಡವನಂತೆ. ಅದಕ್ಕೆ ಅಣ್ಣ ಅಂತೀನಿ. ದೊರೆ ಅಂತ ಬಹುವಚನ ಮಾತ್ರ ನನ್ನ ಹತ್ರ ಕೇಳಬೇಡ. ನಲವತ್ತಾರು ವರ್ಷ ಆ ಕೆಲಸ ನಿನ್ನ ಬದಲಿಗೆ ನಾನು ಮಾಡಿದ್ದೀನಿ, ಅದರಲ್ಲಿ ಏನೂ ಇಲ್ಲ. ಟೀ ಲೋಟ ತೊಳೆಯೋದು ತಪ್ಪುತ್ತೆ ಅಷ್ಟೇ.

ಚಳಿ ಆಗ್ಲಿಲ್ಲ. ನಿನ್ನ ಅಂಗಿ ಇತ್ತು, ನಿನ್ನ ಟೋಪಿ ಇತ್ತು, ನಿನ್ನ ಕಂಬಳಿ. ನಿನ್ನ ಅಮ್ಮ ದಾರಿ ಉದ್ದಕ್ಕೂ ಬಿಡದೆ ಅಪ್ಪಿಕೊಂಡಿದ್ರು. ಸೇತುವೆ ದಾಟಿದ ಮೇಲೂ ಕೈ ಸಡಿಲ ಮಾಡ್ಲಿಲ್ಲ. ಅದು ನನಗೋ ನಿನಗೋ ಅಂತ ನಾನು ಅವರನ್ನ ಕೇಳಲಿಲ್ಲ. ನೀನೂ ನನ್ನ ಕೇಳಬೇಡ. ಅವರು ದಿನಾ ಎರಡು ದಿಂಬು ಹಾಕ್ತಿದ್ರು. ಒಂದು ನಿನ್ನದು. ಇದನ್ನ ಮಾತ್ರ ಸರಿಯಾಗಿ ಗೊತ್ತಿದ್ದು ಹೇಳ್ತಿದ್ದೀನಿ.

ನಿನ್ನ ಶೀಟು ವಾಪಸ್ ಕಳಿಸಿದ್ದೀನಿ. ಒಗೆದಿಲ್ಲ. ಇಸ್ತ್ರಿ ಹಾಕಿಲ್ಲ. ನಮ್ಮ ಮೇಸ್ತ್ರಿ ನೋಡಿದ್ರೆ ಕೆಲಸದಿಂದ ತೆಗೀತಾನೆ. ನಿನ್ನ ಸುಕ್ಕಿನ ಮೇಲೆ ಅಮ್ಮನ ಸುಕ್ಕಿದೆ, ಹೊರಗಡೆ ಅಂಚಲ್ಲಿ ಸ್ವಲ್ಪ ನನ್ನದೂ ಇರಬೇಕು. ನಿನ್ನ ಹೆಂಡತಿ ಬುಟ್ಟಿಗೆ ಹಾಕೋಕೆ ಮುಂಚೆ ಒಂದು ಸಲ ಹಾಸ್ಕೋ. ನೆಲದ ಮೇಲಲ್ಲ. ನೀನೇ ಮಾಡಿದ ಮಂಚ ಇದೆಯಲ್ಲ, ಅದರ ಮೇಲೆ.

ಇವತ್ತು ಬೆಳಗ್ಗೆ ಆ ಮಗು ಬಂದಿತ್ತು. ಕಾಲು ಒದ್ದೆ. ನಾನು ಮಲಗಿದ್ದೋನು ಮಾತಾಡಿಸಿದೆ, ಜೀವನದಲ್ಲಿ ಮೊದಲ ಸಲ. 'ಬಂದ್ಯಾ ದೊರೆ' ಅಂದೆ. ನನಗೆ ಹೇಳಿದ್ದು ಅಷ್ಟೇ ತಾನೇ, ನೀನು ಬರೋವರೆಗೂ ಏಳಬೇಡ ಅಂತ. ಎದ್ದೆ. ಅಂಗಿ ಬಿಚ್ಚಿ ಮಂಚದ ಮೇಲಿಟ್ಟೆ. ನೆಲಕ್ಕೆ ಕಾಲಿಟ್ರೆ ಒದ್ದೆ ಇತ್ತು ಅಣ್ಣ. ತಮಾಷೆ ಮಾಡ್ತಿಲ್ಲ. ಈ ಸಲ ದಾಟಲಿಲ್ಲ, ಅದರ ಮೇಲೇ ನಿಂತೆ.

ಮುಂದಿನ ತಿಂಗಳು ರಜಾ ಕೇಳಿದ್ದೀನಿ. ಬರ್ತೀನಿ. ಅಕ್ಕನ ಮನೇಲಿ ನೆಲದ ಮೇಲೆ ನನಗೊಂದು ಜಾಗ ಸಾಕು.

ಹಾಸಿಗೆ ಬೆಚ್ಚಗಿದೆ. ಮಲಗು.

ಇಂತಿ,
ಇಸ್ತ್ರಿಯವ